ಐಪಿ ಅಡ್ರೆಸ್ ಗೊತ್ತಾದರೆ ಮನೆ ಗೊತ್ತಾದ ಹಾಗಲ್ಲ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆ ಅಜ್ಜಿ ಹಾಲಿನ ಲೆಕ್ಕದ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಓಡಿ ಬಂದರು. ಕೊನೇ ಹಾಳೆಯಲ್ಲಿ ಪೆನ್ಸಿಲಿನಲ್ಲಿ 192.168.1 ಅಂತ ಬರೆದಿತ್ತು. ಕೈ ನಡುಗಿ ಅಂಕಿಗಳೆಲ್ಲ ಸೊಟ್ಟಗಾಗಿದ್ದವು.

ಪೊಲೀಸ್ ಅಂತ ಹೇಳಿಕೊಂಡು ಯಾರೋ ಫೋನ್ ಮಾಡಿದ್ದನಂತೆ. ‘ನಿಮ್ಮ ಐಪಿ ಅಡ್ರೆಸ್‌ನಿಂದ ಅಪರಾಧ ನಡೆದಿದೆ. ನಂಬಿಕೆ ಇಲ್ಲದಿದ್ದರೆ ಫೋನಿನಲ್ಲಿ ವೈಫೈ ಸೆಟ್ಟಿಂಗ್ಸ್ ತೆಗೆದು ನೋಡಿ, 192.168.1 ಅಂತಲೇ ಶುರುವಾಗುತ್ತೆ’ ಅಂದನಂತೆ. ನೋಡಿದರೆ ಹಾಗೇ ಇತ್ತು. ಅಜ್ಜಿ ಅಲ್ಲೇ ಕುಸಿದು ಕೂತಿದ್ದಾರೆ. ಪುಣ್ಯಕ್ಕೆ ದುಡ್ಡಿನ ಮಾತು ಬರುವಷ್ಟರಲ್ಲಿ ಫೋನಿನ ಚಾರ್ಜ್ ಮುಗಿದಿತ್ತು.

ಐಪಿ ಅಡ್ರೆಸ್ ಅಂದರೆ ನೆಟ್‌ಗೆ ಸೇರಿದ ಫೋನ್, ಕಂಪ್ಯೂಟರ್‌ಗಳನ್ನು ಗುರುತಿಸುವ ನಂಬರ್. ಅಜ್ಜಿ ಬರೆದುಕೊಂಡ ಆ ನಂಬರ್ ನಮ್ಮ ಮನೆಯಲ್ಲೂ ಇದೆ. ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಇದೆ. 192.168 ಅಂತ ಶುರುವಾಗುವುದು ಮನೆಯೊಳಗಿನ ಬಳಕೆಗೆ ಅಂತಲೇ ಬಿಟ್ಟಿರುವ ನಂಬರ್. ವೈಫೈ ರೂಟರ್ ಅದನ್ನು ಮನೆಯ ಫೋನ್, ಟಿವಿಗಳಿಗೆ ಹಂಚುತ್ತದೆ. ‘ನಿಮ್ಮ ಮನೆಯಲ್ಲಿ ಅಡುಗೆಮನೆ ಇದೆ, ಅದಕ್ಕೇ ನೀವೇ ಕಳ್ಳರು’ ಅಂದ ಹಾಗಾಯಿತು, ಅಲ್ವಾ? ಇಂಥ ಸುಳ್ಳಿಗೆ ವಯಸ್ಸಾದವರು ಹೆದರಿ ಸಾಯುವ ಹಾಗಾಗಿದೆಯಲ್ಲ ಅಂತ ನನಗೆ ವಿಪರೀತ ಸಿಟ್ಟು ಬಂತು.

ಹೊರಗಿನವರಿಗೆ ಕಾಣುವುದು ಬೇರೆ ನಂಬರ್. ಅದೇ ಪಬ್ಲಿಕ್ ಐಪಿ. ನೆಟ್ ಕಂಪನಿ ಕೊಡುವುದು. ನಾವು ತೆರೆಯುವ ಪ್ರತಿ ವೆಬ್‌ಸೈಟಿಗೂ ಅದು ಕಾಣಲೇಬೇಕು, ಇಲ್ಲದಿದ್ದರೆ ಉತ್ತರ ವಾಪಸ್ ಬರುವುದಾದರೂ ಎಲ್ಲಿಗೆ? ಅದರಿಂದ ಯಾವ ಕಂಪನಿಯ ನೆಟ್, ಸುಮಾರಾಗಿ ಯಾವ ಊರು ಅಂತ ಗೊತ್ತಾಗುತ್ತದೆ. ಆ ಊರೂ ಅಂದಾಜೇ. ಅಜ್ಜಿಗೆ ನೀರು ಕೊಟ್ಟು ಕೂರಿಸಿ, ಐಪಿ ನೋಡಿ ಊರು ಹೇಳುವ ವೆಬ್‌ಸೈಟೊಂದನ್ನು ಅವರ ಫೋನಿನಲ್ಲೇ ತೆರೆದು ತೋರಿಸಿದೆ. ವೈಫೈನಲ್ಲಿ ದಾವಣಗೆರೆ ಅಂತ ಬಂತು. ವೈಫೈ ಆಫ್ ಮಾಡಿ ಮೊಬೈಲ್ ಡೇಟಾ ಹಾಕಿದರೆ, ಅದೇ ಕುರ್ಚಿಯಲ್ಲಿ ಕೂತಿದ್ದವರು ಬೆಂಗಳೂರಿಗೆ ಹೋಗಿಬಿಟ್ಟರು! ‘ನಾನು ಬೆಂಗಳೂರಿಗೆ ಹೋಗಿ ಎರಡು ವರ್ಷ ಆಯ್ತಲ್ಲಪ್ಪ’ ಅಂದರು. ಆಗಲೇ ಅವರ ಮುಖ ಸ್ವಲ್ಪ ತಿಳಿಯಾಗಿದ್ದು.

ಹಳೆಯ ಮಾದರಿಯ ಐಪಿ ನಂಬರ್‌ಗಳು ಒಟ್ಟು ಇರುವುದೇ ಸುಮಾರು 430 ಕೋಟಿ. ಜಗತ್ತಿಗೆಲ್ಲ ಹಂಚುವ ಮೂಲ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ನಂಬರಿನ ಹಿಂದೆ ಎಷ್ಟೋ ಫೋನ್‌ಗಳನ್ನು ಕೂರಿಸುತ್ತವೆ. ನಿಜವಾದ ಪೊಲೀಸರಿಗೂ ಅಂಥ ಕಡೆ ಬರೀ ನಂಬರ್ ಸಾಲದು. ಯಾವ ದಿನ, ಯಾವ ಹೊತ್ತು, ಯಾವ ಪೋರ್ಟ್ (ಒಂದೇ ಐಪಿ ಹಿಂದಿರುವ ಸಂಪರ್ಕಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಸಂಖ್ಯೆ) ಅಂತ ಹೇಳಿ ಕಂಪನಿಯನ್ನು ಕೇಳಬೇಕು. ಹೆಸರು, ವಿಳಾಸ ಇರುವುದು ಆ ಕಂಪನಿಯ ಲೆಕ್ಕದಲ್ಲಿ.

ಹಾಗಂತ ಐಪಿ ಏನೂ ಅಲ್ಲ ಅಂತ ನಾನು ಹೇಳುತ್ತಿಲ್ಲ. ಮಾತಿಗೆ ಮಾತು ಬಂದು ಇನ್ನೊಂದು ವಿಷಯ ಹೊರಬಿತ್ತು. ಅಜ್ಜಿ ಮಹಡಿ ಮೇಲೆ ಬಾಡಿಗೆಗಿರುವ ಕಾಲೇಜು ಹುಡುಗರಿಗೆ ವೈಫೈ ಪಾಸ್‌ವರ್ಡ್ ಕೊಟ್ಟಿದ್ದರು. ಅವರಿಗಿಂತ ಮೊದಲು ಇದ್ದವರಿಗೂ ಅದೇ ಪಾಸ್‌ವರ್ಡ್. ನನಗೆ ನಿಜವಾಗಿ ಭಯವಾಗಿದ್ದು ಇದಕ್ಕೆ. ಆ ವೈಫೈನಲ್ಲಿ ಯಾರು ಏನೇ ಮಾಡಲಿ, ಹೊರಗೆ ಕಾಣುವುದು ಆ ಮನೆಯ ಐಪಿ. ಕಂಪನಿಯ ಲೆಕ್ಕದಲ್ಲಿರುವುದು ಅಜ್ಜಿಯ ಹೆಸರು. ವಿಚಾರಿಸಿಕೊಂಡು ಬರುವವರು ಮೊದಲು ತಟ್ಟುವುದು ಅವರ ಬಾಗಿಲನ್ನೇ.

ವಿಪಿಎನ್ ಹಾಕಿದರೆ ಆಯ್ತಲ್ಲ ಅಂತ ನನ್ನ ತಮ್ಮ ಅಂದ. ಅದು ನಮ್ಮ ನೆಟ್ ಬಳಕೆಯನ್ನು ಇನ್ನೊಂದು ಕಂಪನಿಯ ಕಂಪ್ಯೂಟರ್ ಮೂಲಕ ಸುತ್ತಿಸಿ ಕಳಿಸುವ ಸೇವೆ. ಹಾಕಿದರೆ ವೆಬ್‌ಸೈಟಿಗೆ ನಮ್ಮ ನಂಬರ್ ಕಾಣುವುದಿಲ್ಲ, ನಿಜ. ಆದರೆ ವಿಪಿಎನ್ ಕಂಪನಿಗೆ ಕಾಣುತ್ತದೆ. ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ವಿಪಿಎನ್ ಕಂಪನಿಗಳಿಗೆ ಹೇಳಿದೆ. ಸುಮ್ನೆ ಬಿಟ್ಟಿ ಸಿಗುತ್ತೆ ಅಂತ ಸಿಕ್ಕಿದ್ದನ್ನು ಹಾಕಿಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಮಧ್ಯಾಹ್ನ ಅಜ್ಜಿ ಮನೆಗೆ ಹೋಗಿ ವೈಫೈ ಪಾಸ್‌ವರ್ಡ್ ಬದಲಾಯಿಸಿದೆ. ಫೋನಿನಲ್ಲಿ ಬಂಧಿಸುವ ‘ಡಿಜಿಟಲ್ ಅರೆಸ್ಟ್’ ನಮ್ಮ ಕಾನೂನಿನಲ್ಲೇ ಇಲ್ಲ, ಮತ್ತೆ ಯಾರಾದರೂ ಹೀಗೆ ಹೆದರಿಸಿದರೆ ಫೋನ್ ಇಟ್ಟುಬಿಟ್ಟು ಸೈಬರ್ ಸಹಾಯವಾಣಿಗೆ ಮಾಡಿ ಅಂದೆ. ಅಜ್ಜಿ ಹಾಲಿನ ಪುಸ್ತಕ ತೆಗೆದರು. ಬೆಳಿಗ್ಗೆ ಬರೆದಿದ್ದನ್ನು ರಬ್ಬರಿನಿಂದ ಉಜ್ಜಿ, ಅದೇ ಜಾಗದಲ್ಲಿ ದಪ್ಪಗೆ 1930 ಅಂತ ಬರೆದುಕೊಂಡರು.