ಪದವಿ ಅರ್ಧಕ್ಕೆ ಬಿಟ್ಟವರಿಗೆ ಸರ್ಟಿಫಿಕೇಟ್: ಬೇಕೇ, ಬೇಡವೇ?

ಪರ

ನಾಲ್ಕು ಸೆಮಿಸ್ಟರ್ ಬಿ.ಕಾಂ. ಪಾಸಾದ ಹುಡುಗ ಅಪ್ಪನ ಆಸ್ಪತ್ರೆ ಖರ್ಚಿಗೆಂದು ಬೆಂಗಳೂರಿನ ಗೋದಾಮಿಗೆ ಕೆಲಸಕ್ಕೆ ಸೇರುತ್ತಾನೆ. ಅರ್ಜಿಯ ವಿದ್ಯಾರ್ಹತೆ ಕಾಲಂನಲ್ಲಿ ಮಾತ್ರ ‘ಪಿಯುಸಿ’ ಎಂದೇ ಬರೆಯಬೇಕು. ಓದಿದ ಎರಡು ವರ್ಷಕ್ಕೆ ಲೆಕ್ಕವೇ ಇಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಸರಿಪಡಿಸಲು ಹೊರಟಿದ್ದು ಇದನ್ನೇ. ಒಂದು ವರ್ಷ ಓದಿದರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ. ಪಾಸಾದ ವಿಷಯಗಳಿಗೆ ಸಿಗುವ ಕ್ರೆಡಿಟ್ ವಿದ್ಯಾರ್ಥಿಯ ಖಾತೆಯಲ್ಲಿ ಉಳಿಯುತ್ತದೆ, ಗಡುವಿನೊಳಗೆ ಮರಳಿ ಬಂದು ಮುಂದುವರಿಸಬಹುದು. ನನಗೆ ಮುಖ್ಯವೆನಿಸುವುದು ಈ ಮರಳಿ ಬರುವ ಅವಕಾಶವೇ. ಮದುವೆಯಾಗಿ ಓದು ಬಿಟ್ಟವಳು ಮಗು ಅಂಗನವಾಡಿಗೆ ಹೋಗತೊಡಗಿದ ಮೇಲೆ ಮತ್ತೆ ಮೊದಲ ಸೆಮಿಸ್ಟರ್‌ನಿಂದ ಶುರುಮಾಡು ಎಂದರೆ ಬರುವಳೇ?

2021-22ರಲ್ಲಿ ದೇಶದಲ್ಲೇ ಮೊದಲಿಗೆ ಈ ನೀತಿಯನ್ನು ಜಾರಿಗೆ ತಂದ ಕರ್ನಾಟಕ 2024ರಲ್ಲಿ ಹಿಂದೆ ಸರಿದು ಮೂರು ವರ್ಷದ ಪದವಿಗೇ ಮರಳಿತು. ನೀತಿಯಲ್ಲಿದ್ದ ನಾಲ್ಕನೇ ವರ್ಷ ಬೇಡವೆಂದದ್ದು ಸರಿಯೇ ಇರಬಹುದು. ಆ ಸಿಟ್ಟನ್ನು ನಡುವೆ ಬಿಟ್ಟು ಮರಳಿ ಬರುವ ಈ ಸೌಲಭ್ಯದ ಮೇಲೆ ತೀರಿಸಿಕೊಳ್ಳಬೇಕಿರಲಿಲ್ಲ.

ವಿರೋಧ

ಸರ್ಕಾರಿ ಕಚೇರಿಯ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಹುದ್ದೆಗೆ ಪಿಯುಸಿ ಸಾಕು, ಎಫ್‌ಡಿಎಗೆ (ಪ್ರಥಮ ದರ್ಜೆ ಸಹಾಯಕ) ಪದವಿ ಬೇಕು. ನಡುವಿನ ಡಿಪ್ಲೊಮಾಕ್ಕೆ ಯಾವ ಹುದ್ದೆ ಇದೆ? ಗೋದಾಮಿನವರಂತೂ ಕೇಳುವುದು ಆಧಾರ್ ಕಾರ್ಡು.

ಇಂಥ ಸರ್ಟಿಫಿಕೇಟ್ ವಿದ್ಯಾರ್ಥಿಗಿಂತ ಕಾಲೇಜಿಗೇ ಹೆಚ್ಚು ಅನುಕೂಲ. ‘ಓದು ಬಿಟ್ಟರು’ ಎಂದು ಬರೆಯಬೇಕಾದ ಕಡೆ ‘ಪೂರೈಸಿ ಹೊರಟರು’ ಎಂದು ಬರೆಯಬಹುದು. ಯಾಕೆ ಬಿಟ್ಟರೆಂದು ಆಮೇಲೆ ಯಾರೂ ಕೇಳುವುದಿಲ್ಲ.

ಕಾರಣಗಳೇನೂ ಗುಟ್ಟಲ್ಲ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿದವರ ಮುಂದೆ ಒಮ್ಮೆಲೇ ಇಂಗ್ಲಿಷ್ ಅಕೌಂಟೆನ್ಸಿ ಪುಸ್ತಕ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಡಿ ತಿಂಗಳಿಗೆ ಒಂದಿಷ್ಟು ನೆರವಿನ ಹಣ. ಜಿಲ್ಲಾ ಕೇಂದ್ರದಲ್ಲಿ ರೂಮಿನ ಬಾಡಿಗೆ, ಊಟ ಎರಡನ್ನೂ ಇದರಲ್ಲೇ ಹೊಂದಿಸಬೇಕು. ಸರ್ಕಾರಿ ಪದವಿ ಕಾಲೇಜುಗಳು ನಡೆಯುವುದೇ ಅತಿಥಿ ಉಪನ್ಯಾಸಕರಿಂದ. 2023ರ ಕೊನೆಗೆ ಅವರು ಕಾಯಂ ಮಾಡಿ ಎಂದು ಮುಷ್ಕರ ಕೂತಾಗ ಎಷ್ಟೋ ಕಾಲೇಜುಗಳಲ್ಲಿ ಪಾಠ ನಿಂತಿತು. ಪಾಠವಿಲ್ಲದ ಕಾಲೇಜಿಗೆ ಬಸ್ಸು ಹಿಡಿದು ಬರುವ ಬದಲು ಕೂಲಿಗೆ ಹೋಗುವುದೇ ಲೇಸು ಎಂದು ಹುಡುಗರಿಗೆ ಅನ್ನಿಸಿದರೆ ತಪ್ಪೇನು?

ಯಾರು ಬಿಡುತ್ತಾರೆಂಬುದು ಮೊದಲ ಇಂಟರ್ನಲ್ಸ್ ಹೊತ್ತಿಗೇ ಮೇಷ್ಟರಿಗೆ ಹೆಚ್ಚುಕಡಿಮೆ ಗೊತ್ತಾಗಿರುತ್ತದೆ. ಆಗಲೇ ಮನೆಗೊಂದು ಫೋನು ಮಾಡಬೇಕು, ಸ್ಕಾಲರ್‌ಶಿಪ್ ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆಯೆಂದು ನೋಡಬೇಕು, ಸಂಜೆ ಒಂದು ಗಂಟೆ ಇಂಗ್ಲಿಷ್ ಹೇಳಿಕೊಡಬೇಕು. ಖರ್ಚು ಬರುವುದು, ಜನ ಬೇಕಾಗುವುದು ಇಲ್ಲಿ.

ದುಡಿಯಲೇಬೇಕಾದವರಿಗೆ 1996ರಿಂದ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವಿದೆ. ಪಾಸಾದ ಸೆಮಿಸ್ಟರ್‌ಗಳನ್ನು ಅಲ್ಲಿ ತಕರಾರಿಲ್ಲದೆ ಒಪ್ಪಿಕೊಳ್ಳುವಂತಾದರೆ ಸಾಕು. ಅದಕ್ಕೆ ಅಂಕಪಟ್ಟಿಯೇ ಆಧಾರವಾಗಬಹುದು, ಬೇರೆ ಸರ್ಟಿಫಿಕೇಟ್ ಯಾಕೆ?