ಲೆಕ್ಕಕ್ಕುಂಟು, ಆಟಕ್ಕಿಲ್ಲ

ಬೂಟಿನಾಕಾರದ ಇಟಲಿಯ ತುದಿಗೂ ಸಿಸಿಲಿ ದ್ವೀಪಕ್ಕೂ ನಡುವೆ ಇರುವ ಮೆಸ್ಸೀನಾ ಜಲಸಂಧಿಯನ್ನು ಎಷ್ಟೋ ಸೈನ್ಯಗಳು ದಾಟಿವೆ. ಆ ಸಾಗಣೆಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು ಪ್ರಾಚೀನ ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿರುವುದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನವರಿಂದ ಗೆದ್ದುಕೊಂಡ ಸುಮಾರು 140 ಆನೆಗಳನ್ನು ರೋಮನ್ನರು ಪೀಪಾಯಿಗಳ ಸಾಲಿನ ಮೇಲೆ ತೆಪ್ಪ ಕಟ್ಟಿ ದಡ ಮುಟ್ಟಿಸಿದರಂತೆ. ಅದೇ ನೀರಿನ ಮೇಲೆ 1,350 ಕೋಟಿ ಯೂರೋ ವೆಚ್ಚದಲ್ಲಿ, 3.3 ಕಿಲೋಮೀಟರ್ ಉದ್ದದ ಒಂದೇ ನೆಗೆತದ ತೂಗುಸೇತುವೆ ಕಟ್ಟುವ ಯೋಜನೆಗೆ ಸೈನಿಕ ಮಹತ್ವವೂ ಇದೆ ಎಂಬುದು 2025ರಲ್ಲಿ ಇಟಲಿ ಸರಕಾರಕ್ಕೆ ಇದ್ದಕ್ಕಿದ್ದಂತೆ ಹೊಳೆಯಿತು. ಸೇತುವೆಯನ್ನು ರಕ್ಷಣಾ ವೆಚ್ಚಕ್ಕೆ ಸೇರಿಸಬಹುದೆಂಬ ಮಾತು ಅಧಿಕಾರದಲ್ಲಿದ್ದವರ ಬಾಯಿಂದಲೇ ಬಂತು. ಲೆಕ್ಕದಲ್ಲಿ ಇಂಥ ಜಾಣತನ ಬೇಡವೆಂದು, ಉತ್ತರ ಅಟ್ಲಾಂಟಿಕ್ ಒಪ್ಪಂದದ ಸೈನಿಕ ಕೂಟವಾದ ನ್ಯಾಟೋದಲ್ಲಿನ ಅಮೆರಿಕದ ರಾಯಭಾರಿ ಎಚ್ಚರಿಸಿದ ಮೇಲೆ ಆ ಉತ್ಸಾಹ ತಣ್ಣಗಾಯಿತು. ಅಕ್ಟೋಬರಿನಲ್ಲಿ ಇಟಲಿಯ ಲೆಕ್ಕಪರಿಶೋಧನಾ ನ್ಯಾಯಾಲಯ ಯೋಜನೆಗೇ ಅಡ್ಡಗಾಲು ಹಾಕಿತು. ಯಾವ ಲೆಕ್ಕಕ್ಕೂ ಸೇರದೆ ದಡ ಸೇರಿದ ಆ ಆನೆಗಳೇ ಪುಣ್ಯವಂತರು.

ಇಟಲಿಯೊಂದನ್ನೇ ದೂರುವುದು ನ್ಯಾಯವಲ್ಲ, ಏಕೆಂದರೆ ಈ ವಿದ್ಯೆಯ ಪಾಠಶಾಲೆ ತೆರೆದದ್ದೇ ನ್ಯಾಟೋ. 2014ರಲ್ಲಿ ವೇಲ್ಸ್‌ನಲ್ಲಿ ಸೇರಿದ್ದಾಗ ಪ್ರತಿ ಸದಸ್ಯದೇಶವೂ ತನ್ನ ಒಟ್ಟು ದೇಶೀಯ ಉತ್ಪನ್ನದ ಶೇಕಡಾ 2ರಷ್ಟನ್ನು ರಕ್ಷಣೆಗೆ ಖರ್ಚು ಮಾಡುವತ್ತ ಸಾಗಬೇಕೆಂದು ನಿರ್ಧಾರವಾಯಿತು. ಆಗ ಆ ಗೆರೆ ಮುಟ್ಟಿದ್ದವು ಮೂರೇ ದೇಶಗಳು. ಉಳಿದವುಗಳಲ್ಲಿ ಕೆಲವು ಇನ್ನೂ ಏದುಸಿರು ಬಿಡುತ್ತಿರುವಾಗಲೇ, 2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ಗೆರೆ 5ಕ್ಕೆ ಏರಿತು. ಅದರಲ್ಲಿ 3.5 ನಿಜವಾದ ಸೈನ್ಯಕ್ಕೆ, ಉಳಿದ 1.5 ರಸ್ತೆ, ಸೇತುವೆ, ಜಾಲ, ಸಂಶೋಧನೆ, ಸನ್ನದ್ಧತೆ ಎಂದು ಮುಂತಾಗಿ ಹೆಸರಿಡಬಹುದಾದ ಎಲ್ಲಕ್ಕೂ, ಗಡುವು 2035. ಈ ಐದರ ಹಟ ಹಿಡಿದಿದ್ದ ಡೊನಾಲ್ಡ್ ಟ್ರಂಪ್ ಸಭೆಗೆ ಕೆಲವೇ ದಿನ ಮುಂಚೆ, ಅದು ತಮ್ಮ ದೇಶಕ್ಕೆ ಅನ್ವಯಿಸಬೇಕಿಲ್ಲ, ಉಳಿದವರು ಮಾತ್ರ ಪಾಲಿಸಬೇಕು ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಏಕಾದಶಿಯ ಉಪವಾಸ ಊರಿಗೆಲ್ಲ, ಊಟದ ಎಲೆ ಗೌಡರಿಗೆ.

ಸ್ಪೇನ್ ಮಾತ್ರ ತನಗೆ 2.1 ಸಾಕೆಂದು ಪಟ್ಟು ಹಿಡಿಯಿತು. ಒಮ್ಮತ ಮುರಿಯಬಾರದು, ಸ್ಪೇನ್ ಬಗ್ಗಲೂ ಬಾರದು. ಇಂಥ ಇಕ್ಕಟ್ಟಿನಿಂದ 32 ರಾಷ್ಟ್ರಗಳನ್ನು ಪಾರುಮಾಡಿದ್ದು ಕ್ಷಿಪಣಿಯಲ್ಲ, ವ್ಯಾಕರಣ. ಘೋಷಣೆಯ ಕರಡಿನಲ್ಲಿ ‘ನಾವು ಬದ್ಧರಾಗಿದ್ದೇವೆ’ ಎಂದಿದ್ದ ಕಡೆ ‘ಮಿತ್ರರಾಷ್ಟ್ರಗಳು ಬದ್ಧವಾಗಿವೆ’ ಎಂದಾಯಿತು. ಉತ್ತಮ ಪುರುಷ ಪ್ರಥಮ ಪುರುಷಕ್ಕೆ ಸರಿದು ನಿಂತ ಕೂಡಲೇ, ಬದ್ಧರಾದವರು ಯಾರೆಂದು ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ. ಅದೇ ಸಭೆಯಲ್ಲಿ ಮಹಾಕಾರ್ಯದರ್ಶಿ ಮಾರ್ಕ್ ರುಟ್ಟೆ ಅವರು, ಇಸ್ರೇಲ್ ಮತ್ತು ಇರಾನುಗಳನ್ನು ಟ್ರಂಪ್ ಗದರಿಸಿದ್ದನ್ನು ಸಮರ್ಥಿಸುತ್ತ, ಡ್ಯಾಡಿ ಕೆಲವೊಮ್ಮೆ ಗಡುಸಾದ ಮಾತು ಆಡಬೇಕಾಗುತ್ತದೆ ಎಂದರು. ತಾನು ಅವರನ್ನು ಡ್ಯಾಡಿ ಎಂದು ಕರೆದದ್ದಲ್ಲವೆಂದು ಆಮೇಲೆ ವಿವರಣೆಯೂ ಬಂತು. ಸಾರ್ವಭೌಮ ರಾಷ್ಟ್ರಗಳ ಕೂಟಕ್ಕೆ ಇಂಥದೊಂದು ವಿವರಣೆ ಕೊಡುವ ಪ್ರಸಂಗ ಬಂದಿತಲ್ಲ!

ಹಾಗೆ ನೋಡಿದರೆ ಈ ಕೂಟದ ಚಪ್ಪರ 1991ರಲ್ಲಿಯೇ ಬಿಚ್ಚಬೇಕಾದದ್ದು. 1949ರ ಏಪ್ರಿಲ್ 4ರಂದು 12 ದೇಶಗಳು ಸೋವಿಯತ್ ಭಯಕ್ಕೆ ಕಟ್ಟಿದ ಚಪ್ಪರವದು. ಎದುರು ಬಣದ ವಾರ್ಸಾ ಒಪ್ಪಂದ 1991ರ ಜುಲೈ 1ರಂದು, ಸೋವಿಯತ್ ಒಕ್ಕೂಟ ಡಿಸೆಂಬರಿನಲ್ಲಿ ಮುಗಿದವು. ಕಂಬ ಗಟ್ಟಿಯಾಗಿತ್ತು, ತೋರಣ ಬಾಡಿರಲಿಲ್ಲ, ಅಡುಗೆಯವರು ಹೊರಡಲೊಪ್ಪಲಿಲ್ಲ. ಹೀಗಾಗಿ ಚಪ್ಪರ ಉಂಟು, ಇನ್ನು ಯಾವ ಶುಭಕಾರ್ಯ ಮಾಡೋಣ ಎಂಬ ಚಿಂತನೆ ಶುರುವಾಯಿತು. ಅದಕ್ಕೇ ‘ಬದಲಾಗುತ್ತಿರುವ ಪಾತ್ರ’ ಎಂಬ ಗಂಭೀರ ಹೆಸರು. 1999ರಲ್ಲಿ ಕೊಸೊವೋ ವಿಚಾರದಲ್ಲಿ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಒಪ್ಪಿಗೆಗೆ ಕಾಯದೆ, ಯುಗೊಸ್ಲಾವಿಯದ ಮೇಲೆ 78 ದಿನ ಬಾಂಬು, 2003ರಿಂದ ಅಟ್ಲಾಂಟಿಕ್ಕಿನ ಹನಿ ನೀರೂ ಕಾಣದ ಅಫ್ಘಾನಿಸ್ತಾನದಲ್ಲಿ ಅಂತರರಾಷ್ಟ್ರೀಯ ಪಡೆಯ ಯಜಮಾನಿಕೆ, ಸೊಮಾಲಿಯದ ಕಡಲಲ್ಲಿ ಕಳ್ಳರ ಬೇಟೆ, 2011ರಲ್ಲಿ ಲಿಬಿಯಾ. 2022ರಲ್ಲಿ ರಷ್ಯವೇ ಯುಕ್ರೇನಿಗೆ ನುಗ್ಗಿದಾಗ, ಚಪ್ಪರ ಕಟ್ಟಿದ ಮೂಲ ಕಾರಣವೇ ಬಾಗಿಲಿಗೆ ಬಂದು ನಿಂತಂತಾಯಿತು.

ಆದರೆ ಆ ಯುಕ್ರೇನ್ ಎಲ್ಲಿದೆ? 2008ರಲ್ಲಿ ಬುಕಾರೆಸ್ಟ್‌ನಲ್ಲಿ ಅದಕ್ಕೂ ಜಾರ್ಜಿಯಕ್ಕೂ ಒಂದು ದಿನ ಸದಸ್ಯರಾಗುವಿರಿ ಎಂದು ಮಾತು ಕೊಟ್ಟಾಗಿತ್ತು. ಯಾವ ದಿನವೆಂದು ಮಾತ್ರ ಹೇಳಿರಲಿಲ್ಲ. 2024ರಲ್ಲಿ ವಾಷಿಂಗ್ಟನ್ನಿನಲ್ಲಿ ಅದು ‘ಹಿಂತಿರುಗಿಸಲಾಗದ ಹಾದಿ’ ಆಯಿತು. ಹೇಗ್‌ನ ಐದು ಪ್ಯಾರಾಗಳ ಘೋಷಣೆಯಲ್ಲಿ ಸದಸ್ಯತ್ವದ ಸುದ್ದಿಯೇ ಇಲ್ಲ. ಯುಕ್ರೇನಿನ ರಕ್ಷಣೆಗೆ ಕೊಟ್ಟ ಹಣವನ್ನು ಆಯಾ ದೇಶಗಳು ತಮ್ಮ ಶೇಕಡಾವಾರು ಲೆಕ್ಕದಲ್ಲಿ ತೋರಿಸಿಕೊಳ್ಳಬಹುದೆಂಬ ಮಾತು ಮಾತ್ರ ಇದೆ. ನಮ್ಮಲ್ಲಿ ಚಿಕ್ಕ ಮಕ್ಕಳನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸಮಾಧಾನ ಮಾಡುತ್ತಾರೆ. ಇಲ್ಲಿ ಗಾದೆಯೇ ತಲೆಕೆಳಗಾಗಿದೆ.

ಒಳಗಿರುವವರಿಗಾದರೂ ಏನು ಅಭಯ? ನ್ಯಾಟೋ ಒಪ್ಪಂದದ ಹೆಸರಾಂತ 5ನೆಯ ವಿಧಿ, ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂದು ಗುಡುಗಿ, ಆಗ ಪ್ರತಿ ದೇಶವೂ ‘ತಾನು ಅಗತ್ಯವೆಂದು ಭಾವಿಸುವ’ ಕ್ರಮ ಕೈಗೊಳ್ಳುತ್ತದೆ ಎಂದು ಮೆಲ್ಲಗೆ ಸೇರಿಸುತ್ತದೆ. 6ನೆಯ ವಿಧಿಯ ಗಡಿಯ ಪ್ರಕಾರ ಅಮೆರಿಕದ್ದೇ ಆದ ಹವಾಯಿ ಈ ಅಭಯದ ಹೊರಗಿದೆ. ಡೆನ್ಮಾರ್ಕಿನ ಗ್ರೀನ್‌ಲ್ಯಾಂಡ್ ಒಳಗಿದೆ, ಆದರೆ ಅದನ್ನು ಪಡೆಯಲು ಸೇನೆ ಬಳಸುವುದಿಲ್ಲವೆಂದು ಮಾತು ಕೊಡಲು 2025ರ ಜನವರಿಯಲ್ಲಿ ನಿರಾಕರಿಸಿದವರು, ಎಲ್ಲರನ್ನೂ ಕಾಯಬೇಕಾದ ದೇಶದ ನಿಯೋಜಿತ ಅಧ್ಯಕ್ಷರೇ. ಒಪ್ಪಂದದಿಂದ ಹೊರನಡೆಯಲು 13ನೆಯ ವಿಧಿಯಲ್ಲಿ ದಾರಿಯಿದೆ: ಬಿಡಬಯಸುವ ದೇಶ ಅಮೆರಿಕ ಸರಕಾರಕ್ಕೆ ನೋಟೀಸು ಕೊಟ್ಟು ಒಂದು ವರ್ಷ ಕಾಯಬೇಕು. ಮುಂದೊಂದು ದಿನ ಅಮೆರಿಕವೇ ಹೊರಡುವುದಾದರೆ ಅದು ತನಗೆ ತಾನೇ ಪತ್ರ ಬರೆದುಕೊಂಡು ಕಾಯಬೇಕಾಗುತ್ತದೆ. ಆ ಪತ್ರ ತಲುಪಿತೆಂದು ಸಹಿ ಹಾಕುವವರು ಯಾರು ಎಂಬುದನ್ನು ಮಾತ್ರ ಒಪ್ಪಂದದ 14 ವಿಧಿಗಳಲ್ಲಿ ಎಲ್ಲಿಯೂ ಹೇಳಿಲ್ಲ.