‘ಅಯ್ಯೋ ಪಾಪ’ ಅನ್ನುವವರು ದಯವಿಟ್ಟು ದೂರ ಇರಿ

ಬೀದಿಯಿಂದ ಎತ್ತಿ ತಂದ ನಾಯಿಗೆ ಖಾಯಂ ಮನೆ ಸಿಗುವ ತನಕ ನಾಲ್ಕು ದಿನ ಇಟ್ಟುಕೊಳ್ಳುವುದಕ್ಕೆ ಬೆಂಗಳೂರಿನಲ್ಲಿ ‘ಫಾಸ್ಟರ್ ಮಾಡೋದು’ ಅಂತ ಹೆಸರು. ವಾಟ್ಸಾಪ್ ಗುಂಪಿನಲ್ಲಿ ‘ಎರಡೇ ವಾರ, ಪ್ಲೀಸ್’ ಎಂಬ ಮೆಸೇಜು ಬೀಳುತ್ತದೆ. ಈ ‘ಎರಡೇ ವಾರ’ ಅನ್ನುವುದು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರು ಫೋನಿನಲ್ಲಿ ಹೇಳುವ ‘ಐದೇ ನಿಮಿಷ, ಬಂದೆ’ಗೆ ಒಡಹುಟ್ಟಿದ್ದು.

ಬಾಲ ಅಲ್ಲಾಡಿಸಿಕೊಂಡು ಬಂದು ಮೊದಲ ದಿನವೇ ಸೋಫಾ ಹತ್ತುವ ನಾಯಿಯಾದರೆ ಈ ಬರಹ ಬೇಕಾಗಿಲ್ಲ. ಕಷ್ಟ ಇರುವುದು ಪುಕ್ಕಲು ನಾಯಿಯದ್ದು. ಬಾಲ ಹೊಟ್ಟೆಗೆ ಅಂಟಿರುತ್ತದೆ, ಕಿವಿ ತಲೆಗೆ ಅಂಟಿರುತ್ತದೆ, ಮೈ ನೆಲಕ್ಕೆ ಅಂಟಿರುತ್ತದೆ. ನೋಡಿದ ಮನೆಮಂದಿಯೆಲ್ಲ ಒಟ್ಟಿಗೆ ಹೇಳುವ ಮಾತು ‘ಅಯ್ಯೋ ಪಾಪ!’ ಮುಂದೆ ನಡೆಯುವ ಅನಾಹುತಗಳಲ್ಲಿ ಮುಕ್ಕಾಲು ಪಾಲಿಗೆ ಈ ಎರಡು ಪದಗಳೇ ಮೂಲ.

ಯಾಕೆಂದರೆ ‘ಅಯ್ಯೋ ಪಾಪ’ ಅಂದ ಬಾಯಿಯ ಹಿಂದೆಯೇ ಒಂದು ಕೈ ಬರುತ್ತದೆ. ತಲೆ ಸವರಲಿಕ್ಕೆ. ನಾಯಿಯ ಅನುಭವದಲ್ಲಿ ಇಲ್ಲಿಯವರೆಗೆ ಮೇಲಿನಿಂದ ಬಂದದ್ದೆಲ್ಲ ಕಲ್ಲು, ದೊಣ್ಣೆ, ಇಲ್ಲವೇ ಬಿಸಿನೀರು. ಇದು ಪ್ರೀತಿಯ ಕೈ ಅಂತ ಅದಕ್ಕೆ ಯಾರು ಹೇಳಬೇಕು? ಅದು ಒಂದೇ ನೆಗೆತಕ್ಕೆ ಮಂಚದಡಿ ಸೇರುತ್ತದೆ. ಅಲ್ಲಿ 2009ರಲ್ಲಿ ಕೊಂಡ ಸೂಟ್‌ಕೇಸು, ಒಂದು ಹಳೆಯ ಹಾರ್ಮೋನಿಯಂ ಮತ್ತು ಯಾರೂ ನೆನೆಸಿಕೊಳ್ಳಲು ಇಷ್ಟಪಡದಷ್ಟು ಧೂಳು ಇರುತ್ತದೆ. ಆಮೇಲೆ ಯಜಮಾನರು ಕವುಚಿ ಮಲಗಿ ಟಾರ್ಚ್ ಬಿಡುತ್ತಾರೆ. ಮಕ್ಕಳು ಪೊರಕೆ ತರುತ್ತಾರೆ. ಪೊರಕೆ ಕಂಡ ನಾಯಿ ಇನ್ನೂ ಒಳಕ್ಕೆ ಸರಿಯುತ್ತದೆ.

ಮಂಚದಡಿಯಿಂದ ನಾಯಿಯನ್ನು ಎಳೆದು ತೆಗೆಯುವುದು ಕಚ್ಚಿಸಿಕೊಳ್ಳುವುದಕ್ಕೆ ಅತಿ ಹತ್ತಿರದ ದಾರಿ. ಓಡಲು ಜಾಗವಿಲ್ಲದ ಪ್ರಾಣಿಗೆ ಉಳಿಯುವುದು ಹಲ್ಲು ಮಾತ್ರ. ಆದ್ದರಿಂದ ನಾಯಿ ಬರುವ ಮುಂಚೆಯೇ ಮಂಚದ ಸಂದಿಗಳನ್ನು ದಿಂಬು, ಪೆಟ್ಟಿಗೆ, ಹಲಗೆ ಏನಾದರೂ ಕೊಟ್ಟು ಮುಚ್ಚಬೇಕು. ಬದಲಿಗೆ, ಜನ ಓಡಾಡದ ಮೂಲೆಯಲ್ಲಿ ಅದರದ್ದೇ ಒಂದು ಗೂಡು. ಫ್ರಿಜ್ ಬಂದ ರಟ್ಟಿನ ಡಬ್ಬ ಸಾಕು, ಮೂರು ಕಡೆ ಹಳೆಯ ಸೀರೆ ಇಳಿಬಿಟ್ಟರೆ ಆಯಿತು. ಬಾಲ್ಕನಿ ಬೇಡ, ಹೆದರಿದ ನಾಯಿ ಎಷ್ಟನೇ ಮಹಡಿ ಅಂತ ಲೆಕ್ಕ ಹಾಕಿ ಹಾರುವುದಿಲ್ಲ. ಯುಟಿಲಿಟಿಯೂ ಬೇಡ, ಅಲ್ಲಿ ವಾಷಿಂಗ್ ಮಷೀನ್ ಎಂಬ ರಾಕ್ಷಸ ಇದೆ. ಟೈಲ್ಸ್ ನೆಲದ ಮೇಲೆ ಗೂಡಿನಿಂದ ನೀರಿನ ಬೋಗುಣಿಯವರೆಗೆ ಗೋಣಿಚೀಲವನ್ನೋ ಹಳೆಯ ಯೋಗ ಮ್ಯಾಟನ್ನೋ ಹಾಸಬೇಕು. ಮಣ್ಣಿನಲ್ಲಿ ಓಡಾಡಿದ ಕಾಲಿಗೆ ಪಾಲಿಷ್ ಮಾಡಿದ ಗ್ರಾನೈಟು ಐಸ್ ಗಡ್ಡೆಯಿದ್ದಂತೆ. ಜಾರಿದ ನಾಯಿ ತಪ್ಪು ನೆಲದ್ದು ಅಂದುಕೊಳ್ಳುವುದಿಲ್ಲ, ನಿಮ್ಮದು ಅಂದುಕೊಳ್ಳುತ್ತದೆ.

ಇನ್ನು ಮುಂದಿನದು ಸುಲಭ: ಏನೂ ಮಾಡಬಾರದು. ಕನ್ನಡದ ಮನೆಗಳಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಮನೆಗೆ ಬಂದವರನ್ನು ಸುಮ್ಮನೆ ಕೂರಲು ಬಿಡುವುದು ನಮ್ಮ ರಕ್ತದಲ್ಲೇ ಇಲ್ಲ. ಕಾಫಿ ಬೇಡ ಅಂದವರಿಗೆ ಅರ್ಧ ಲೋಟ, ಅದೂ ಬೇಡ ಅಂದರೆ ಹಾಲು. ನಾಯಿಗೂ ಅದೇ ಉಪಚಾರ. ಮೊದಲ ದಿನ ಅದು ಏನನ್ನೂ ಮುಟ್ಟದಿದ್ದಾಗ ಅಜ್ಜಿ ಮೊಸರನ್ನ ಕಲಸುತ್ತಾರೆ. ಅದು ಹಾಗೇ ಇದ್ದರೆ ಮಾರಿ ಬಿಸ್ಕತ್ತು, ಆಮೇಲೆ ಮೊಟ್ಟೆ, ಆಮೇಲೆ ಪಕ್ಕದ ಮನೆಯವರು ಕಳಿಸಿದ ಬಿರಿಯಾನಿ. ರಾತ್ರಿ ಎರಡು ಗಂಟೆಗೆ ಮನೆ ನಿದ್ದೆ ಹೋದ ಮೇಲೆ ನಾಯಿ ಎದ್ದು ಅಷ್ಟನ್ನೂ ಸಾಲಾಗಿ ಮುಗಿಸುತ್ತದೆ. ಬೆಳಿಗ್ಗೆ ಅದರ ಫಲಿತಾಂಶ ಕಾಲೊರಸಿನ ಮೇಲೆ ಪ್ರಕಟವಾಗಿರುತ್ತದೆ.

ದೊಡ್ಡ ನಾಯಿ, ನೀರು ಕುಡಿಯುತ್ತಿದೆ, ವಾಂತಿ ಭೇದಿ ಇಲ್ಲ ಅಂದರೆ ಒಂದು ದಿನ ಊಟ ಬಿಟ್ಟಿತೆಂದು ಗಾಬರಿಯಾಗಬೇಕಿಲ್ಲ. ಎರಡನೇ ದಿನವೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಮರಿಯಾದರೆ ಅಷ್ಟು ಹೊತ್ತೂ ಕಾಯಬಾರದು. ಉಪ್ಪು, ಖಾರ ಹಾಕದೆ ಬೇಯಿಸಿದ, ಮೂಳೆ ಬಿಡಿಸಿದ ಕೋಳಿಯನ್ನು ಮೆತ್ತಗಿನ ಅನ್ನಕ್ಕೆ ಕಲಸಿ, ಗೂಡಿನ ಬಾಯಿಗೆ ಇಟ್ಟು, ಬೆನ್ನು ತಿರುಗಿಸಿ ಹೊರಟುಬಿಡಬೇಕು. ‘ತಿನ್ನು ಪುಟ್ಟಾ’ ಅಂತ ಎದುರು ಕೂತರೆ ಅದು ತಿನ್ನುವುದಿಲ್ಲ, ನೀವೂ ತಿನ್ನಲಾರಿರಿ. ಡಬ್ಬಿಯ ಆಹಾರಕ್ಕೆ ಬದಲಾಯಿಸುವುದಾದರೆ ಏಳು ದಿನ ತೆಗೆದುಕೊಂಡು, ಕಾಲು ಭಾಗದಿಂದ ಶುರುಮಾಡಿ ಹೆಚ್ಚಿಸುತ್ತ ಹೋಗಬೇಕು. ಈರುಳ್ಳಿ ಬಿದ್ದ ಹುಳಿ, ಸಾಗು ಕೊಡಬಾರದು, ಅದು ನಾಯಿಯ ರಕ್ತಕಣ ಒಡೆಯುತ್ತದೆ. ಪಾಯಸ, ಕೇಸರಿಬಾತಿನ ದ್ರಾಕ್ಷಿ ಇನ್ನೂ ಕೆಟ್ಟದ್ದು, ಕಿಡ್ನಿಗೆ ಹೊಡೆತ. ಮಂಗಳವಾರದ ಪ್ರಸಾದಕ್ಕೂ ಇದೇ ನಿಯಮ, ದೇವರು ತಪ್ಪು ತಿಳಿಯುವುದಿಲ್ಲ.

ಕಾಲೊರಸಿನ ವಿಷಯ ಬಂತಲ್ಲ. ಎಂಟು ಸಾವಿರ ಕೊಟ್ಟು ತಂದ ಕಾರ್ಪೆಟ್ಟು, ಕಾಲೊರಸು, ಬಚ್ಚಲ ಬಾಗಿಲಿನ ಟವೆಲು, ಈ ಮೂರನ್ನೇ ನಾಯಿ ಆರಿಸುವುದಕ್ಕೆ ಕಾರಣ ಇದೆ. ಹುಲ್ಲು, ಮಣ್ಣಿನ ಮೇಲೆ ಅಭ್ಯಾಸವಾದದ್ದಕ್ಕೆ ಕಾಲಿಗೆ ಮೆತ್ತಗೆ, ಹೀರಿಕೊಳ್ಳುವಂತೆ ಇರುವುದೇ ಶೌಚಾಲಯ. ಅವನ್ನು ಎತ್ತಿಡಿ. ಅಗಲವಾದ ಟ್ರೇಯಲ್ಲಿ ಮಣ್ಣನ್ನೋ ಹುಲ್ಲುಹಾಸಿನ ತುಂಡನ್ನೋ ಇಡಿ, ಅರ್ಧ ಗೆದ್ದ ಹಾಗೆ. ಫಿನಾಯಿಲ್ ಸುರಿದರೆ ನಮ್ಮ ಮೂಗಿನ ಪಾಲಿಗೆ ವಾಸನೆ ಅಡಗುತ್ತದೆ, ಅದರ ಮೂಗಿನ ಪಾಲಿಗೆ ಅಡಗುವುದಿಲ್ಲ. ಅಡಿಯಲ್ಲಿ ಉಳಿದ ಗುರುತು ಹಿಡಿದು ಮರುದಿನ ಅಲ್ಲಿಗೇ ಬರುತ್ತದೆ. ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎಂಜೈಮ್ ದ್ರಾವಣ ಹಾಕಿ ಹತ್ತು ಹದಿನೈದು ನಿಮಿಷ ಬಿಟ್ಟು ಒರಸಬೇಕು. ಹಾಕಿದ ತಕ್ಷಣ ಒರಸಿದರೆ ದುಡ್ಡು ಒರಸಿದ ಹಾಗೆ.

ಮೂರನೇ ದಿನದ ಹೊತ್ತಿಗೆ ನೆಂಟರು ಬರುತ್ತಾರೆ. ನಾಯಿ ಮೂಲೆಯಲ್ಲಿ ಅಲ್ಲಾಡದೆ ಕೂತಿರುತ್ತದೆ. ‘ಎಷ್ಟು ಸಂಭಾವಿತ ನಾಯಿ ರೀ!’ ಸಂಭಾವಿತ ಅಲ್ಲ ಸ್ವಾಮಿ, ಹೆದರಿ ಮರಗಟ್ಟಿದೆ. ಅದು ಆಕಳಿಸಿದರೆ ‘ನಿದ್ದೆ ಪಾಪ’ ಅನ್ನುತ್ತಾರೆ, ತುಟಿ ನೆಕ್ಕಿದರೆ ‘ಹಸಿವು ಪಾಪ’. ಎರಡೂ ‘ಸ್ವಲ್ಪ ದೂರ ಹೋಗಿ’ ಎಂಬುದರ ನಾಯಿಭಾಷೆ. ಮುಖ ಆಚೆ ತಿರುಗಿಸಿ ಕಣ್ಣಂಚಿನ ಬಿಳಿ ತೋರಿಸಿದರೆ ‘ಈಗಲೇ ಹೋಗಿ’ ಅಂತ. ಗುರ್ ಅಂದರೆ ಕೊನೆಯ ನೋಟಿಸು. ಆ ಗುರ್‌ಗೆ ಬೈದು ಬಾಯಿ ಮುಚ್ಚಿಸಿದರೆ ಮುಂದಿನ ಸಲ ನೋಟಿಸಿಲ್ಲದೆ ನೇರ ಜಪ್ತಿ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಕಟ್ಟಿದವರು ಬೊಗಳದ ನಾಯಿಯ ಬಗ್ಗೆ ಏನೂ ಹೇಳದೆ ಹೋದರು. ಹಲ್ಲು ತಾಗಿತೋ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಶುರುಮಾಡಬೇಕು. ಅರಿಶಿನ, ಸುಣ್ಣ ಡಬ್ಬಿಯಲ್ಲೇ ಇರಲಿ.

ದೋಸ್ತಿ ಮಾಡುವುದು ಹೇಗೆ ಅಂತೀರಾ? ನೆಲದ ಮೇಲೆ, ಅದಕ್ಕೆ ಪಕ್ಕೆ ತೋರಿಸಿ ಕೂತು ಪೇಪರ್ ಓದಬೇಕು. ಕಣ್ಣಿಗೆ ಕಣ್ಣು ಕೊಡಬಾರದು. ಆಗಾಗ ಕಡಲೆಬೀಜದಷ್ಟು ಗಾತ್ರದ ಕೋಳಿಚೂರನ್ನು ಅದರ ಆಚೆಗೆ, ಹಿಂದಕ್ಕೆ ಎಸೆಯಬೇಕು. ಎಲ್ಲರೂ ಮಾಡುವ ತಪ್ಪು ಚೂರನ್ನು ಅಂಗೈಯಲ್ಲಿಟ್ಟು ಕರೆಯುವುದು. ಆಸೆಯ ಕಾಲು ಮುಂದೆ ಬರುತ್ತದೆ, ಭಯದ ಕಾಲು ಹಿಂದೇ ಉಳಿಯುತ್ತದೆ, ನಾಯಿ ಚಪಾತಿ ಹಿಟ್ಟಿನ ಹಾಗೆ ಉದ್ದವಾಗುತ್ತದೆ. ತಿಂದ ಮರುಕ್ಷಣ ತಾನು ಎಷ್ಟು ಹತ್ತಿರ ಬಂದೆ ಅಂತ ಗೊತ್ತಾಗಿ ಬೆಚ್ಚುತ್ತದೆ. ಹಿಂದಕ್ಕೆ ಎಸೆದರೆ, ತಿನ್ನಲು ನಿಮ್ಮಿಂದ ದೂರ ಹೋಗಿ ನಿರಾಳವಾಗುತ್ತದೆ, ಇನ್ನೊಂದಕ್ಕೆ ತಾನಾಗಿ ತಿರುಗಿ ಬರುತ್ತದೆ. ಒಂದು ವಾರದಲ್ಲಿ ನಿಮ್ಮ ಬೆನ್ನು ಮೂಸಿದರೆ ಅದು ಬಹುಮಾನ. ಮುಸುಡಿ ಕಂಡರೆ ಆಗುವುದಿಲ್ಲ, ಬೆನ್ನು ಪರವಾಗಿಲ್ಲ ಎಂಬ ಹಂತ.

ಮೂರು ದಿನ ಬೆಪ್ಪಾಗಿರುತ್ತದೆ, ಮೂರು ವಾರಕ್ಕೆ ಮನೆಯ ವೇಳಾಪಟ್ಟಿ ಕಲಿಯುತ್ತದೆ, ಮೂರು ತಿಂಗಳಿಗೆ ಮನೆಯದಾಗುತ್ತದೆ ಅಂತ ಈ ಕೆಲಸದಲ್ಲಿರುವವರು ಒಂದು ಅಂದಾಜು ಹೇಳುತ್ತಾರೆ. ಅಂದಾಜು ಅಷ್ಟೇ. ನಾಯಿ ಕ್ಯಾಲೆಂಡರ್ ನೋಡುವುದಿಲ್ಲ.

ಇಷ್ಟೆಲ್ಲ ಆಗಿ ಎಲ್ಲ ಸರಿಹೋಯಿತು ಅನ್ನುವಾಗ ಕುಕ್ಕರ್ ಕೂಗುತ್ತದೆ. ಒಂದೇ ಕೂಗಿಗೆ ಎರಡು ವಾರದ ಸಂಪಾದನೆ ಖಲಾಸ್. ಇದಕ್ಕೆ ಮದ್ದು ಇದೆ. ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ನಿಮಗೇ ಕೇಳಿತೋ ಇಲ್ಲವೋ ಅನ್ನುವಷ್ಟು ಸಣ್ಣ ದನಿಯಲ್ಲಿ ಎರಡು ಸೆಕೆಂಡು ಹಾಕಿ, ಕೂಡಲೇ ಕೋಳಿಚೂರು ಕೊಡಬೇಕು. ಒಂದು ಸಲಕ್ಕೆ ಐದಾರು ಬಾರಿ, ದಿನಕ್ಕೆ ಎರಡು ಸಲ. ಚೂರನ್ನು ತಿನ್ನುವುದು ನಿಲ್ಲಿಸಿದರೆ ದನಿ ಜಾಸ್ತಿಯಾಗಿದೆ ಅಂತ ಅರ್ಥ, ಇಳಿಸಿ. ಕ್ರಮ ಮಾತ್ರ ಅದಲುಬದಲು ಆಗಬಾರದು, ಮೊದಲು ಕೂಗು, ಆಮೇಲೆ ಕೋಳಿ. ಉತ್ಸಾಹಿಗಳು ಮೊದಲು ಕೋಳಿ ತಿನ್ನಿಸಿ ‘ಈಗ ಹೆದರಲ್ಲ ಬಿಡಿ’ ಅಂತ ಕೂಗು ಹಾಕುತ್ತಾರೆ. ನಾಯಿ ಅದರಿಂದ ಕಲಿಯುವ ಪಾಠ: ಕೋಳಿ ಬಂತು ಅಂದರೆ ಹಿಂದೆಯೇ ಕೂಗು ಬರುತ್ತದೆ. ಆಮೇಲೆ ಅದು ಕೋಳಿಯನ್ನು ಕಂಡೇ ಡಬ್ಬ ಸೇರುತ್ತದೆ. ಕೋಳಿಗೆ ಹೆದರುವ ನಾಯಿಯನ್ನು ಯಾರಿಗೆ ದತ್ತು ಕೊಡುತ್ತೀರಿ?

ಹೊರಗೆ ಕರೆದುಕೊಂಡು ಹೋಗುವುದು ಇನ್ನೊಂದು ಪುರಾಣ. ಹೆದರಿದ ನಾಯಿ ಮುಂದಕ್ಕೆ ಎಳೆಯುವುದಿಲ್ಲ, ಹಿಂದಕ್ಕೆ ಸರಿಯುತ್ತದೆ. ಎದೆ, ಬೆನ್ನು ಸುತ್ತಿ ತೊಡಿಸುವ ಮಾಮೂಲಿ ಹಾರ್ನೆಸ್ಸು, ಕುತ್ತಿಗೆಯ ಬೆಲ್ಟು ಎರಡೂ ಮುಂದಕ್ಕೆ ಎಳೆಯುವ ನಾಯಿಗಾಗಿ ಮಾಡಿದವು. ಹಿಂದಕ್ಕೆ ಸರಿದರೆ ಸ್ವೆಟರ್ ತೆಗೆದ ಹಾಗೆ ತಲೆಯಿಂದ ಕಳಚಿಕೊಳ್ಳುತ್ತವೆ. ನಿಮ್ಮ ಕೈಯಲ್ಲಿ ಹಾರ್ನೆಸ್ಸು, ನಾಯಿ ಮುಂದಿನ ಕ್ರಾಸಿನಲ್ಲಿ. ಆದ್ದರಿಂದ ಎರಡು ಚೈನು: ಒಂದು, ಎಳೆದರೆ ಮಿತಿಯೊಳಗೆ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟಿಗೆ. ಇನ್ನೊಂದು, ಪಕ್ಕೆಲುಬಿನ ಹಿಂದೆ ಸೊಂಟದ ಹತ್ತಿರ ಹೆಚ್ಚುವರಿ ಪಟ್ಟಿ ಇರುವ ಹಾರ್ನೆಸ್ಸಿಗೆ. ಪಟ್ಟಿಯಡಿ ಎರಡು ಬೆರಳು ತೂರಬೇಕು, ಮೂರು ತೂರಿದರೆ ಸಡಿಲ. ನಾಯಿ ಎಳೆದಷ್ಟೂ ಉದ್ದವಾಗಿ, ಬಿಟ್ಟರೆ ತಾನಾಗಿ ಸುತ್ತಿಕೊಳ್ಳುವ ಚೈನನ್ನು ಯಾರಾದರೂ ಉಡುಗೊರೆ ಕೊಟ್ಟರೆ ನಮಸ್ಕಾರ ಮಾಡಿ ಅಟ್ಟಕ್ಕೆ ಹಾಕಿ. ಅದರ ಹಿಡಿಯ ಪ್ಲಾಸ್ಟಿಕ್ ಡಬ್ಬ ಕೈಜಾರಿದರೆ ನಾಯಿಯ ಹಿಂದೆ ಲಟಲಟ ಅನ್ನುತ್ತ ಅದೂ ಓಡುತ್ತದೆ. ನಾಯಿ ನಿಂತರೆ ಮೈಮೇಲೇ ಬರುತ್ತದೆ. ಆ ಡಬ್ಬದಿಂದ ತಪ್ಪಿಸಿಕೊಳ್ಳಲು ನಾಯಿ ತುಮಕೂರು ಮುಟ್ಟಬಹುದು. ಲಿಫ್ಟಿನಲ್ಲಿ ಚೈನು ಗಿಡ್ಡ ಹಿಡಿದು ಒಟ್ಟಿಗೇ ಒಳಗೆ ಹೋಗಬೇಕು, ನಾಯಿ ಹೊರಗೆ ನೀವು ಒಳಗೆ ಇರುವಾಗ ಬಾಗಿಲು ಮುಚ್ಚಿದರೆ ಅದು ತಮಾಷೆಯ ವಿಷಯವಲ್ಲ.

ಅಷ್ಟಾದರೂ ಒಂದು ದಿನ ಗ್ಯಾಸ್ ಸಿಲಿಂಡರಿನವರಿಗೆ ಬಾಗಿಲು ತೆಗೆದಾಗ ನಾಯಿ ಅವರ ಕಾಲ ಸಂದಿಯಿಂದ ಹೊರಗೆ! (ಬಾಗಿಲಿಗೆ ಅಡ್ಡ ಮಗುವಿನ ಗೇಟೋ, ಅಡ್ಡ ಮಲಗಿಸಿದ ಟೇಬಲ್ಲೋ ಇರಬೇಕಿತ್ತು.) ರಸ್ತೆಯ ಅಷ್ಟೂ ಜನ ‘ಹಿಡೀರಿ ಹಿಡೀರಿ’ ಅಂತ ಬೆನ್ನಟ್ಟುತ್ತಾರೆ. ಅವರನ್ನು ಮೊದಲು ಹಿಡಿದು ನಿಲ್ಲಿಸಬೇಕು. ಪುಕ್ಕಲು ನಾಯಿ ಬೆನ್ನಟ್ಟದಿದ್ದರೆ ಹೆಚ್ಚಾಗಿ ಹತ್ತಿರದಲ್ಲೇ, ನಿಂತ ಕಾರಿನಡಿಯಲ್ಲೋ ಖಾಲಿ ಸೈಟಿನ ಲಂಟಾನದಲ್ಲೋ ಅಡಗಿರುತ್ತದೆ. ಹೆಸರು ಹಿಡಿದು ಕೂಗುವುದು ವ್ಯರ್ಥ. ಆ ಹೆಸರು ಅದಕ್ಕೆ ಸಿಕ್ಕಿ ನಾಲ್ಕೇ ದಿನವಾಗಿದೆ, ಕೊನೆಯ ಸಲ ಕರೆದದ್ದು ಕಿವಿಗೆ ಔಷಧಿ ಬಿಡಲು. ಕಂಡರೆ ಕೂತುಬಿಡಿ, ಪಕ್ಕೆ ತೋರಿಸಿ, ಕೋಳಿ ಎಸೆಯಿರಿ. ಕಾಣದಿದ್ದರೆ ಅದು ಮಲಗಿದ್ದ, ಒಗೆಯದ ಬೆಡ್‌ಶೀಟನ್ನು ಗೇಟಿನ ಹತ್ತಿರ ಹಾಸಿ, ಬೆಳಗಿನ ಜಾವ ನಾಲ್ಕಕ್ಕೆ, ಹಾಲಿನ ವ್ಯಾನು ಬರುವ ಮುಂಚೆ ಹುಡುಕಿ. ಕುತ್ತಿಗೆಯಲ್ಲಿ ಫೋನ್ ನಂಬರಿನ ಬಿಲ್ಲೆ ಮೊದಲ ದಿನದಿಂದಲೇ ಇರಬೇಕಾದ್ದು ಇದಕ್ಕೇ.

ಈ ನಡುವೆ ದತ್ತು ಜಾಹೀರಾತು. ಫ್ಲಾಶ್ ಹಾಕಿ ಮೇಲಿನಿಂದ ತೆಗೆದ ಫೋಟೋದಲ್ಲಿ ಎಂಥ ನಾಯಿಯೂ ಠಾಣೆಯಲ್ಲಿ ಹಲಗೆ ಹಿಡಿದು ನಿಂತ ಹಾಗೆ ಕಾಣುತ್ತದೆ. ಕಿಟಕಿಯ ಬೆಳಕಿನಲ್ಲಿ, ನೆಲಕ್ಕೆ ಮಲಗಿ, ಅದರ ಕಣ್ಣಿನ ಎತ್ತರದಿಂದ ತೆಗೆಯಬೇಕು. ಬರಹದಲ್ಲಿ ‘ಸ್ವಲ್ಪ ನಾಚಿಕೆ’ ಅಂತ ಬರೆದು ಮುಚ್ಚಿಹಾಕಬಾರದು. ಗಂಡಸರ ಗಟ್ಟಿ ದನಿಗೆ, ಕೊಡೆಗೆ, ಕುಕ್ಕರಿಗೆ ಹೆದರುತ್ತದೆ ಅಂತ ಇದ್ದದ್ದು ಇದ್ದ ಹಾಗೆ ಬರೆದರೆ ಕರೆಗಳು ಕಡಿಮೆ ಬರುತ್ತವೆ, ವಾಪಸ್ ಬರುವ ನಾಯಿಗಳೂ ಕಡಿಮೆ. ಬರುವ ಕರೆಗಳಾದರೋ... ‘ಲ್ಯಾಬ್ ಮಿಕ್ಸಾ?’ ಅಲ್ಲ, ನಾಟಿ. ‘ಕಿವಿ ಯಾರು ಕಚ್ಚಿದ್ದು?’ ಯಾರೂ ಅಲ್ಲ, ಸಂತಾನಹರಣ ಚಿಕಿತ್ಸೆ ಆಗಿದೆ ಅಂತ ಹಾಕಿದ ಗುರುತು. ‘ತೋಟದ ಮನೆ ಕಾಯುತ್ತಾ?’ ಕಳ್ಳ ಬಂದರೆ ಅವನ ಹಿಂದೆಯೇ ಅಡಗಿಕೊಳ್ಳುತ್ತದೆ. ‘ಓನರ್ ಒಪ್ಪಲ್ಲ, ಗೊತ್ತಾಗದ ಹಾಗೆ ಇಟ್ಕೋತೀವಿ.’ ಅಲ್ಲಿಗೇ ಫೋನ್ ಇಡಬಹುದು. ಇನ್ನು ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅದರ ಒಂದು ಪ್ರತಿ ಕೈಯಲ್ಲಿರಲಿ.

ಸರಿಯಾದವರು ಸಿಕ್ಕಾಗ ಗುರುತು ಹೇಗೆ? ಅವರು ಮೊದಲ ಸಲ ಬಂದಾಗ ನಾಯಿಯನ್ನು ನೋಡುವುದಿಲ್ಲ. ನೆಲದ ಮೇಲೆ ಕೂತು ನಿಮ್ಮ ಜೊತೆ ಕಾಫಿ ಕುಡಿದು ಹೊರಡುತ್ತಾರೆ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ನಾಯಿ ಅವರ ಬೆನ್ನು ಮೂಸುತ್ತದೆ. ಕೊಟ್ಟು ಕಳಿಸುವಾಗ ಲಸಿಕೆಯ ಪುಸ್ತಕ, ಒಂದು ವಾರದ ಅದೇ ಆಹಾರ, ಎರಡು ಚೈನು, ಒಗೆಯದ ಆ ಬೆಡ್‌ಶೀಟು, ಜೊತೆಗೆ ಹರಿದ ಆ ರಟ್ಟಿನ ಡಬ್ಬವೂ ಹೋಗಬೇಕು. ಬೇಡ ಅಂದರೂ ಕಾರಿಗೆ ತುರುಕಿ.

ಆ ರಾತ್ರಿ ನಿಮ್ಮ ಮನೆಯಲ್ಲಿ ಎಲ್ಲರೂ ಪಿಸುದನಿಯಲ್ಲೇ ಮಾತಾಡುತ್ತಿರುತ್ತೀರಿ. ಬಾಗಿಲಿಗೆ ಅಡ್ಡವಿಟ್ಟ ಟೇಬಲ್ಲು ದಾಟಲು ಹೋಗಿ ಮೊಣಕಾಲು ತರಚಿಕೊಳ್ಳುತ್ತೀರಿ. ಒಂಬತ್ತೂವರೆಗೆ ಫೋನು ಬರುತ್ತದೆ, ಹೊಸ ಮನೆಯಿಂದ.

‘ಅದು ಮಂಚದ ಕೆಳಗೆ ಹೋಗಿಬಿಟ್ಟಿದೆ ರೀ. ನಮ್ಮ ಅತ್ತೆ ಅಯ್ಯೋ ಪಾಪ ಅಂತ ಮೊಸರನ್ನ ಕಲಸ್ತಿದ್ದಾರೆ. ಈಗ ಏನು ಮಾಡೋಣ?’

‘ಏನೂ ಮಾಡಬೇಡಿ’ ಅನ್ನಿ. ‘ಡಬ್ಬ ಎಲ್ಲಿಟ್ಟಿದ್ದೀರಿ?’